ಗೃಹಜ್ಯೋತಿ ಸಿಗದ ಮನೆಯ ಮಾಳಿಗೆ ಮೇಲೆ ಸೋಲಾರ್

ಗೃಹಜ್ಯೋತಿ ಯೋಜನೆಗೆ ಚಾಲನೆ ಸಿಕ್ಕಿದ್ದು ನಮ್ಮ ಕಲಬುರಗಿಯಲ್ಲೇ, 2023ರ ಆಗಸ್ಟ್ 5ರಂದು. ಆಗ ನಮ್ಮ ಓಣಿಯ ಬಹುಪಾಲು ಮನೆಗಳಿಗೆ ಸೊನ್ನೆ ಬಿಲ್ ಬರೋಕೆ ಶುರುವಾಯಿತು. ನಮಗೆ ಬರಲಿಲ್ಲ. 2022-23ರ ತಿಂಗಳ ಸರಾಸರಿ 200 ಯುನಿಟ್ ಒಳಗಿರಬೇಕು, ಅದರ ಮೇಲೆ ಶೇ 10ರಷ್ಟು ಸೇರಿಸಿ ಉಚಿತ ಅನ್ನೋದು ಅದರ ಲೆಕ್ಕ. ನಮ್ಮದು ಕೂಡು ಕುಟುಂಬ. ಎರಡು ಕೂಲರ್, ಒಂದು ಎಸಿ, ಬೋರಿನ ಮೋಟರ್. ಸರಾಸರಿ 300ರ ಮೇಲೆಯೇ ಇತ್ತು. ಮೇ ತಿಂಗಳಲ್ಲಂತೂ 450 ದಾಟುತ್ತಿತ್ತು.

ಹಾಗಾಗಿ 2024ರ ಫೆಬ್ರವರಿಯಲ್ಲಿ ಮಾಳಿಗೆ ಸೋಲಾರ್‌ಗೆ ಸಬ್ಸಿಡಿ ಕೊಡೋ ಕೇಂದ್ರದ ಪಿಎಂ ಸೂರ್ಯಘರ್ ಯೋಜನೆ ಬಂದಾಗ ಓಣಿಯಲ್ಲಿ ಅದರ ಬಗ್ಗೆ ತಲೆ ಕೆಡಿಸಿಕೊಂಡವನು ನಾನೊಬ್ಬನೇ. ಉಳಿದವರನ್ನು ಅನ್ನೋ ಹಾಗೂ ಇಲ್ಲ. ಸೊನ್ನೆ ಬಿಲ್ ಬರುವವರು ಯಾಕೆ ಲಕ್ಷಗಟ್ಟಲೆ ಹಾಕಿ ಸೋಲಾರ್ ಕೂಡಿಸುತ್ತಾರೆ, ಹೇಳಿ? ಬಡವರ ಮನೆಗೆ ಉಚಿತ ಕರೆಂಟ್ ಬೇಕೇ ಬೇಕು. ಒಂದು ಕೋಟಿ ಮನೆಗಳ ಮೇಲೆ ಸೋಲಾರ್ ಬರಲಿ ಅನ್ನೋದೂ ಸರಿಯೇ. ಆದರೆ ಈ ಎರಡೂ ಒಂದೇ ಓಣಿಗೆ ಬಂದಾಗ ಒಂದು ಇನ್ನೊಂದರ ಕಾಲು ಎಳೆಯುತ್ತದೆ. ಅದನ್ನು ಯಾರೂ ಬಾಯಿಬಿಟ್ಟು ಹೇಳೋದಿಲ್ಲ ಅಷ್ಟೇ.

ಮೊದಲು ಎದುರಾದದ್ದು ಹೆಸರಿನ ತೊಡಕು. ಮೀಟರಿನ ಆರ್.ಆರ್. ನಂಬರ್ (ಸಂಪರ್ಕದ ಸಂಖ್ಯೆ) ಇನ್ನೂ ತೀರಿಕೊಂಡ ಅಪ್ಪನ ಹೆಸರಿನಲ್ಲೇ ಇತ್ತು. ಬಿಲ್ಲಿನಲ್ಲಿರೋ ಹೆಸರು, ಅರ್ಜಿ ಹಾಕೋರ ಹೆಸರು, ಸಬ್ಸಿಡಿ ಬರೋ ಬ್ಯಾಂಕ್ ಖಾತೆಯ ಹೆಸರು ಹೊಂದಬೇಕು. ಮರಣ ಪ್ರಮಾಣಪತ್ರ, ವಂಶವೃಕ್ಷ, ಅಣ್ಣತಮ್ಮಂದಿರ ಒಪ್ಪಿಗೆ, ತೆರಿಗೆ ರಸೀದಿ ಎಲ್ಲಾ ಜೋಡಿಸಿ, ನಮ್ಮ ಕಡೆ ಕರೆಂಟ್ ಕೊಡೋ ಕಂಪನಿ ಜೆಸ್ಕಾಂನಲ್ಲಿ ಮೀಟರನ್ನು ನನ್ನ ಹೆಸರಿಗೆ ಮಾಡಿಸಿಕೊಂಡೆ. ಸೋಲಾರ್ ಕೂಡಿಸೋದಕ್ಕಿಂತ ಇದಕ್ಕೇ ಜಾಸ್ತಿ ಸಮಯ ಹಿಡಿಯಿತು. ನಮ್ಮ ಕಡೆ ಅರ್ಧ ಊರಿನ ಮೀಟರ್‌ಗಳು ಅಜ್ಜಂದಿರ ಹೆಸರಿನಲ್ಲೇ ಇರುತ್ತವೆ, ಅದಕ್ಕೇ ಇಷ್ಟು ಬಿಡಿಸಿ ಬರೆದೆ. ಅರ್ಜಿ ಹಾಕೋದು ಮಾತ್ರ ಸಲೀಸು. ರಾಷ್ಟ್ರೀಯ ಪೋರ್ಟಲ್‌ನಲ್ಲಿ ನೋಂದಣಿ ಮಾಡಿ, ಅಲ್ಲಿನ ಪಟ್ಟಿಯಿಂದ ಒಬ್ಬ ವೆಂಡರ್‌ನನ್ನು ಆರಿಸಿಕೊಂಡರೆ ಮುಗಿಯಿತು.

ಸಬ್ಸಿಡಿ ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000. ಒಟ್ಟು 78,000. ಅದಕ್ಕಿಂತ ದೊಡ್ಡದು ಹಾಕಿದರೂ 78,000ವೇ. ಬಂದ ವೆಂಡರ್‌ಗಳಲ್ಲಿ ಒಬ್ಬ, "ಸರ್, 5 ಕಿಲೋವ್ಯಾಟ್ ಹಾಕಿಸ್ಕೊಂಡ್‌ಬಿಡ್ರಿ, ಸಬ್ಸಿಡಿ ಹೆಂಗೂ ಬರ್ತದ" ಎಂದು ಹಟ ಹಿಡಿದ. ಮೇಲಿನ ಎರಡಕ್ಕೆ ಒಂದು ಪೈಸೆಯೂ ಬರೋದಿಲ್ಲ ಅನ್ನೋದನ್ನು ಅವನು ಹೇಳಲೇ ಇಲ್ಲ. ಇನ್ನೊಬ್ಬ ಸ್ವಲ್ಪ ಅಗ್ಗದ ಪ್ಯಾನೆಲ್ ತೋರಿಸಿದ. ಪ್ಯಾನೆಲ್ಲು, ಅದರೊಳಗೆ ಕರೆಂಟ್ ಹುಟ್ಟಿಸೋ ಸೆಲ್ಲು ಎರಡೂ ಭಾರತದಲ್ಲೇ ತಯಾರಾಗಿದ್ದರೆ ಮಾತ್ರ ಸಬ್ಸಿಡಿ. ಆ ಅಗ್ಗದ ಮಾಲು ಹಾಗಿರಲಿಲ್ಲ. ಕೊನೆಗೆ 540 ವ್ಯಾಟ್‌ನ ಆರು ಪ್ಯಾನೆಲ್‌ಗೆ ಒಪ್ಪಿದೆ, 3 ಕಿಲೋವ್ಯಾಟ್‌ಗಿಂತ ಸ್ವಲ್ಪ ಜಾಸ್ತಿ.

ಎಲ್ಲಿ ಕೂಡಿಸೋದು ಅನ್ನೋದೇ ದೊಡ್ಡ ಪ್ರಶ್ನೆಯಾಯಿತು. ನಮ್ಮ ಮನೆಯ ಹಳೆಯ ಭಾಗಕ್ಕೆ ಶಹಾಬಾದ್ ಕಲ್ಲಿನ ಮಾಳಿಗೆ. ಅಲ್ಲಿ ರಂಧ್ರ ಕೊರೆದರೆ ಮೊದಲ ಮಳೆಗೇ ಸೋರುತ್ತದೆ, ಭಾರವನ್ನೂ ನಂಬೋ ಹಾಗಿಲ್ಲ. ಉಳಿದದ್ದು ಹಿಂದಿನ ಆರ್‌ಸಿಸಿ. 1 ಕಿಲೋವ್ಯಾಟ್‌ಗೆ ಸುಮಾರು 100 ಚದರಡಿ ಬೇಕು, ಅಂದರೆ ಆ ಮಾಳಿಗೆ ಹೆಚ್ಚುಕಡಿಮೆ ಪೂರ್ತಿ ಹೋಗುತ್ತದೆ. ಅವ್ವ ಕೇಳಿದ್ದು ಒಂದೇ ಮಾತು: "ಹಂಗಾದ್ರ ಸಂಡಿಗಿ, ಶಾವಿಗಿ ಎಲ್ಲಿ ಒಣಗಸಲ್ಯೋ ತಮ್ಮಾ? ಬ್ಯಾಸಿಗ್ಯಾಗ ಎಲ್ಲಿ ಮಲಗೂದು?"

ನ್ಯಾಯವಾದ ಮಾತೇ. ಹಾಗಾಗಿ ಕಬ್ಬಿಣದ ಕಂಬಗಳನ್ನು ಎಂಟು ಅಡಿ ಎತ್ತರಿಸಿ ಮೇಲೆ ಪ್ಯಾನೆಲ್ ಹಾಕಿಸಿದೆ. ಇಪ್ಪತ್ತು ಸಾವಿರದಷ್ಟು ಜಾಸ್ತಿ ಆಯಿತು. ಎತ್ತರ ಜಾಸ್ತಿಯಾದಷ್ಟೂ ಗಾಳಿಯ ಹೊಡೆತವೂ ಜಾಸ್ತಿ. ಮುಂಗಾರಿಗೆ ಮೊದಲು ಇಲ್ಲಿ ಬೀಸೋ ಬಿರುಗಾಳಿ ಗೊತ್ತಲ್ಲ, ತಗಡನ್ನೇ ಹಾರಿಸಿಕೊಂಡು ಹೋಗುತ್ತದೆ. ಅದಕ್ಕೇ ಕಂಬದ ಬುಡಕ್ಕೆ ಕಾಂಕ್ರೀಟ್ ಹಾಕಿಸಿ, ಅಡ್ಡ ಕಟ್ಟುಗಳನ್ನೂ ಕೊಡಿಸಿದೆ. ಅಲ್ಲಿ ಪೈಸೆ ಉಳಿಸೋ ಯೋಚನೆ ಬೇಡ. ಸಂಡಿಗೆ ಈಗ ಕಲ್ಲಿನ ಮಾಳಿಗೆ ಮೇಲೆ ಒಣಗುತ್ತದೆ, ಮಲಗೋದು ಪ್ಯಾನೆಲ್ ಕೆಳಗೆ. ನೆರಳು ಬಿದ್ದಿದ್ದರಿಂದ ಕೆಳಗಿನ ಕೋಣೆಯ ಕಾವೂ ಕಮ್ಮಿಯಾಗಿದೆ.

ಕಲಬುರಗಿ ಸುಮಾರು 17 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಹಾಗಾಗಿ ಪ್ಯಾನೆಲ್‌ಗಳ ಮುಖ ದಕ್ಷಿಣಕ್ಕೆ, ಓರೆಯೂ ಹೆಚ್ಚುಕಡಿಮೆ ಅಷ್ಟೇ. ಸಂಜೆ ಹೊತ್ತು ನಮ್ಮದೇ ಸಿಂಟೆಕ್ಸ್ ಟ್ಯಾಂಕಿನ ನೆರಳು ಮೂಲೆಯ ಪ್ಯಾನೆಲ್ ಮೇಲೆ ಬೀಳುತ್ತಿತ್ತು. ಪ್ಯಾನೆಲ್‌ಗಳನ್ನು ಒಂದಕ್ಕೊಂದು ಸಾಲಾಗಿ ಜೋಡಿಸಿರುತ್ತಾರೆ, ಒಂದಕ್ಕೆ ನೆರಳಾದರೆ ಇಡೀ ಸಾಲಿಗೆ ಹೊಡೆತ. ಟ್ಯಾಂಕನ್ನೇ ಸರಿಸಿದೆವು.

ಇಷ್ಟು ಬಿಸಿಲಿನ ಊರು, ಮೇ ತಿಂಗಳಲ್ಲಿ ಕರೆಂಟ್ ಸುರಿಯುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹಾಗಾಗೋದಿಲ್ಲ. ಪ್ಯಾನೆಲ್‌ನ ಸಾಮರ್ಥ್ಯವನ್ನು ಅಳೆಯೋದು ಸೆಲ್ಲಿನ ಬಿಸಿ 25 ಡಿಗ್ರಿ ಇದ್ದಾಗ. ಅದರ ಮೇಲೆ ಒಂದೊಂದು ಡಿಗ್ರಿ ಏರಿದಾಗಲೂ ಶೇ 0.35ರ ಆಸುಪಾಸು ಇಳಿಯುತ್ತದೆ. ಹೊರಗೆ 43 ಡಿಗ್ರಿ ಇದ್ದಾಗ ಸೆಲ್ಲು 60 ದಾಟಿರುತ್ತದೆ. ಅಲ್ಲಿಗೆ ಶೇ 12ಕ್ಕೂ ಜಾಸ್ತಿ ಹೋಯಿತು. ನಮ್ಮ ಮನೆಯಲ್ಲಿ ಮಾರ್ಚ್ ಮೊದಲ ವಾರದಲ್ಲಿ ದಿನಕ್ಕೆ 15 ಯುನಿಟ್ ತನಕ ಬಂದಿದ್ದುಂಟು. ಮೇ ತಿಂಗಳ ಕೆಂಡದಂಥ ದಿನಗಳಲ್ಲಿ 13 ಬಂದರೆ ಹೆಚ್ಚು. ಮೋಡ ಮುಸುಕಿದ ಜುಲೈಯಲ್ಲಿ ಏಳೆಂಟು. ಎತ್ತರಿಸಿ ಕಟ್ಟಿದ್ದು ಇಲ್ಲೂ ಕೆಲಸಕ್ಕೆ ಬಂತು, ಕೆಳಗೆ ಗಾಳಿ ಆಡುತ್ತದಲ್ಲ.

ಧೂಳಿನದು ಇನ್ನೊಂದು ಕತೆ. ಹದಿನೈದು ದಿನ ಬಿಟ್ಟರೆ ಗಾಜಿನ ಮೇಲೆ ಬೆರಳಲ್ಲಿ ಹೆಸರು ಬರೆಯಬಹುದು. ಬೋರಿನ ನೀರಲ್ಲಿ ತೊಳೆದರೆ ಬಿಳಿ ಕಲೆ ಕೂರುತ್ತದೆ. ಕೆಲವರು ಆರ್‌ಒ ಫಿಲ್ಟರ್‌ನಿಂದ ಹೊರಬೀಳೋ ನೀರು ಸುಮ್ನೆ ಹೋಗುತ್ತದಲ್ಲ ಅಂತ ಅದರಲ್ಲೇ ತೊಳೆಯುತ್ತಾರೆ. ಅದರಲ್ಲಂತೂ ಬೋರಿನ ಉಪ್ಪೆಲ್ಲಾ ಗಟ್ಟಿಯಾಗಿ ಸೇರಿರುತ್ತದೆ! ನಾನು ನಲ್ಲಿ ನೀರು ಬಂದ ದಿನ ಎರಡು ಕೊಡ ಎತ್ತಿಟ್ಟು, ಬೆಳಗ್ಗೆ ಬಿಸಿಲೇರೋ ಮೊದಲು ಮೆತ್ತನೆ ವೈಪರ್‌ನಲ್ಲಿ ಎಳೆಯುತ್ತೇನೆ. ಕಾದ ಗಾಜಿಗೆ ತಣ್ಣೀರು ಸುರಿಯಬಾರದು.

ಬಂದವರೆಲ್ಲಾ ಕೇಳೋದು ಒಂದೇ: ಕರೆಂಟ್ ಹೋದಾಗ ನಿಮ್ಮಲ್ಲಿ ಇರುತ್ತದಲ್ಲ? ಇರೋದಿಲ್ಲ. ಲೈನ್ ಸತ್ತ ಕೂಡಲೇ ಸೋಲಾರ್ ಇನ್ವರ್ಟರ್ ತಾನೇ ನಿಲ್ಲುತ್ತದೆ. ಇಲ್ಲದಿದ್ದರೆ ನಮ್ಮ ಮಾಳಿಗೆಯ ಕರೆಂಟ್ ಕಂಬಕ್ಕೆ ಹರಿದು, ರಿಪೇರಿಗೆ ಹತ್ತಿದ ಲೈನ್‌ಮನ್‌ಗೆ ಹೊಡೆಯುತ್ತದೆ. ಮನೆಯಲ್ಲಿದ್ದ ಹಳೆಯ ಯುಪಿಎಸ್, ಬ್ಯಾಟರಿ ಹಾಗೇ ಇವೆ.

ಖರ್ಚಿನ ಲೆಕ್ಕ ಹೀಗಿದೆ. ಎಲ್ಲಾ ಸೇರಿ ಎರಡೂಕಾಲು ಲಕ್ಷದ ಹತ್ತಿರ, ಸಬ್ಸಿಡಿ ಕಳೆದು ಒಂದೂವರೆ ಲಕ್ಷದೊಳಗೆ. ವರ್ಷಕ್ಕೆ 4,000 ಯುನಿಟ್ ಆಸುಪಾಸು ಬರುತ್ತದೆ. 2025-26ರಲ್ಲಿ ಗೃಹಬಳಕೆಯ ದರ ಯುನಿಟ್‌ಗೆ 5 ರೂಪಾಯಿ 80 ಪೈಸೆ ಇತ್ತು, ಮೇಲೆ ತೆರಿಗೆ ಮತ್ತೊಂದು. ಐದಾರು ವರ್ಷದಲ್ಲಿ ಹಾಕಿದ್ದು ವಾಪಸ್. ಬಿಲ್ ಮಾತ್ರ ಪೂರ್ತಿ ಸೊನ್ನೆ ಆಗೋದಿಲ್ಲ, ನಿಗದಿತ ಶುಲ್ಕ ಕಟ್ಟಲೇಬೇಕು.

ಹವಾಮಾನದ ಲೆಕ್ಕ ಹೇಳೋದಾದರೆ, ನಮ್ಮ ದೇಶದ ಗ್ರಿಡ್‌ನ, ಅಂದರೆ ಊರೂರಿಗೆ ಕರೆಂಟ್ ಹರಿಸೋ ಲೈನ್‌ಗಳ ಜಾಲದ, ಒಂದು ಯುನಿಟ್ ಹಿಂದೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಇರುತ್ತದೆ. ನಮ್ಮ 4,000 ಯುನಿಟ್‌ಗೆ ಎರಡೂವರೆ ಟನ್‌ಗಿಂತ ಜಾಸ್ತಿ. 2025ರಲ್ಲಿ ದೇಶದ ಒಟ್ಟು ವಿದ್ಯುತ್ ಸಾಮರ್ಥ್ಯದಲ್ಲಿ ಅರ್ಧದಷ್ಟು ಕಲ್ಲಿದ್ದಲು, ಗ್ಯಾಸ್ ಇಲ್ಲದ ಮೂಲಗಳದ್ದಾಯಿತು. 2030ಕ್ಕೆ ಇಟ್ಟುಕೊಂಡಿದ್ದ ಗುರಿ ಐದು ವರ್ಷ ಮೊದಲೇ ಮುಟ್ಟಿತು. ಖುಷಿಯ ವಿಷಯವೇ. ಆದರೆ ಅದು ಸಾಮರ್ಥ್ಯದ ಲೆಕ್ಕ. ನಿಜಕ್ಕೂ ಉರಿಯೋ ಯುನಿಟ್‌ಗಳಲ್ಲಿ ಕಲ್ಲಿದ್ದಲಿನದೇ ದೊಡ್ಡ ಪಾಲು. ರಾತ್ರಿ ನಮ್ಮ ಎಸಿ ತಿರುಗೋದು ಬಹುಶಃ ರಾಯಚೂರು ಜಿಲ್ಲೆಯ ಶಕ್ತಿನಗರದಲ್ಲಿ ಸುಟ್ಟ ಕಲ್ಲಿದ್ದಲಿನಿಂದಲೇ. ಹಗಲು ನಾವು ಬಳಸಿ ಉಳಿದದ್ದು ಗ್ರಿಡ್‌ಗೆ ಹೋಗುತ್ತದೆ; ಹಾಗೆ ಕೊಟ್ಟದ್ದನ್ನು ರಾತ್ರಿ ಪಡೆದ ಹಾಗೆ ಮೀಟರ್ ತೋರಿಸುತ್ತದೆ, ನಾವು ಕೊಟ್ಟದ್ದನ್ನು ಗ್ರಿಡ್ ಎತ್ತಿಟ್ಟಿರೋದಿಲ್ಲ. ಅದಕ್ಕೇ ಬೋರಿನ ಮೋಟರ್, ವಾಷಿಂಗ್ ಮಷಿನ್, ಇಸ್ತ್ರಿ ಎಲ್ಲಾ ಹನ್ನೊಂದರಿಂದ ಮೂರರ ಒಳಗೆ ಮುಗಿಸೋದು ರೂಢಿ ಮಾಡಿಕೊಂಡಿದ್ದೇವೆ. ಬಿಲ್ಲಿನಲ್ಲಿ ಇದರಿಂದ ದೊಡ್ಡ ವ್ಯತ್ಯಾಸವಿಲ್ಲ, ಸಂಜೆಯ ಗ್ರಿಡ್‌ಗೆ ಇದೆ.

ಪಕ್ಕದ ಮನೆಯ ಕಾಕಾ ತಾವೂ ಹಾಕಿಸಲೇ ಎಂದು ಕೇಳಿದರು. ಅವರದು ತಿಂಗಳಿಗೆ 90 ಯುನಿಟ್, ಬಿಲ್ ಸೊನ್ನೆ. ಬೇಡ ಕಾಕಾ ಎಂದೆ. ಯಾದಗಿರಿಯಲ್ಲಿರೋ ಭಾವನಿಗೆ ಮಾತ್ರ ಹಾಕಿಸಲೇಬೇಕು ಅಂದಿದ್ದೇನೆ, ಅವರ ಬಿಲ್ ನಮಗಿಂತ ದೊಡ್ಡದು. ಆದರೆ ಅವರ ಮನೆ ಪೂರ್ತಿ ಕಲ್ಲಿನ ಮಾಳಿಗೆ. ಹಿತ್ತಲಲ್ಲಿ ದನದ ಕೊಟ್ಟಿಗೆಯ ಪಕ್ಕ ನೆಲದಿಂದಲೇ ಕಂಬ ಎಬ್ಬಿಸಬಹುದಾ ಅಂತ ನೋಡೋಕೆ ವೆಂಡರ್ ಮುಂದಿನ ವಾರ ಹೋಗುತ್ತಿದ್ದಾನೆ.