ಆ ಮೂರು ಗಂಟೆಯ ಕಥೆ

ಟಿವಿಗೆ ಕೋರ್ಟು ಧಾರಾವಾಹಿ ಬರೆಯಲು ಕೂತಾಗ ನನ್ನ ಮುಂದಿದ್ದದ್ದು ನಾನಾವತಿ ಪ್ರಕರಣ. 1959ರ ಏಪ್ರಿಲ್ 27ರಂದು ಮುಂಬೈಯಲ್ಲಿ ನೌಕಾಪಡೆಯ ಕಮಾಂಡರ್ ನಾನಾವತಿ, ಹೆಂಡತಿಯ ಗೆಳೆಯ ಪ್ರೇಮ್ ಅಹುಜಾನನ್ನು ಗುಂಡಿಟ್ಟು ಕೊಂದ. ಜ್ಯೂರಿಯ, ಅಂದರೆ ಆರೋಪಿ ತಪ್ಪಿತಸ್ಥನೋ ಅಲ್ಲವೋ ಹೇಳಲು ಕೂರಿಸುತ್ತಿದ್ದ ಸಾಮಾನ್ಯ ನಾಗರಿಕರ ತಂಡದ, 9 ಜನರಲ್ಲಿ 8 ಜನ ತಪ್ಪಿತಸ್ಥನಲ್ಲ ಎಂದರು. ಹೈಕೋರ್ಟು ಒಪ್ಪದೆ ಜೀವಾವಧಿ ಶಿಕ್ಷೆ ಕೊಟ್ಟಿತು. 1961ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು.

ಮೊದಲ ಕರಡಿನಲ್ಲಿ ನಾನು ಸುಮ್ನೆ ಹೆಸರುಗಳನ್ನು ಬದಲಿಸಿದ್ದೆ. ಓದಿದರೆ ಶಾಲೆಯ ವೇಷ ಸ್ಪರ್ಧೆ ಇದ್ದ ಹಾಗಿತ್ತು. ಪಕ್ಕಕ್ಕಿಟ್ಟು ತೀರ್ಪು ಓದತೊಡಗಿದೆ.

ಅವನು ಮನೆ ಬಿಟ್ಟದ್ದು ಮಧ್ಯಾಹ್ನ 1.30ಕ್ಕೆ. ಕೊಲೆಯಾದದ್ದು 4.20ಕ್ಕೆ. ನಡುವೆ ಹೆಂಡತಿ ಮಕ್ಕಳನ್ನು ಸಿನಿಮಾಕ್ಕೆ ಬಿಟ್ಟ. ಹಡಗಿಗೆ ಹೋಗಿ ಸುಳ್ಳು ಕಾರಣ ಹೇಳಿ ರಿವಾಲ್ವರ್ ತಗೊಂಡ. ಹಠಾತ್ತಾಗಿ ಕೆರಳಿ ಕೊಂದ ಅನ್ನುವ ವಾದ ಬಿದ್ದದ್ದು ಇಲ್ಲೇ. ಸಿಟ್ಟು ಇಳಿಯಲು ಅಷ್ಟು ಹೊತ್ತು ಸಾಕಿತ್ತು ಎಂದಿತು ಸುಪ್ರೀಂ ಕೋರ್ಟು. ನಾನು ಇಷ್ಟನ್ನೇ ಎತ್ತಿಕೊಂಡು ಉಳಿದದ್ದೆಲ್ಲ ಬಿಟ್ಟೆ. ನನ್ನ ಕಥೆಯಲ್ಲಿ ಆರೋಪಿ ಒಬ್ಬಳು ನರ್ಸ್. ಕಾಲ ಇಂದಿನದು.

ಇಂದಿನದು ಅಂದಮೇಲೆ ಜ್ಯೂರಿ ಇಲ್ಲ. ವಕೀಲರಿಗೆ ಬರೆದಿದ್ದ ಭಾಷಣಗಳೆಲ್ಲ ದಂಡವಾದವು. ಯಾರ ಮುಂದೆ ಹೇಳೋದು? ಕೆಲವು ದಿನ ಸೆಷನ್ಸ್ ಕೋರ್ಟಿನ ಹಿಂದಿನ ಬೆಂಚಿನಲ್ಲಿ ಕೂತೆ. ನ್ಯಾಯಾಧೀಶರ ಮೇಜಿನ ಮೇಲೆ ಸುತ್ತಿಗೆ ಇರಲಿಲ್ಲ. ಪಾಟೀ ಸವಾಲಿನಲ್ಲಿ ಕೂಗಾಟವೂ ಇರಲಿಲ್ಲ. ವಕೀಲರು ಕೇಳುತ್ತಾರೆ, ಸಾಕ್ಷಿ 'ಇಲ್ಲ' ಅನ್ನುತ್ತಾನೆ, ನ್ಯಾಯಾಧೀಶರು ಬರೆಸುತ್ತಾರೆ: 'ನಾನು ಸುಳ್ಳು ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ.' ಇದನ್ನು ಎಷ್ಟು ಸಲ ಕೇಳಿದೆನೆಂದರೆ, ಮನೆಯಲ್ಲೂ 'ಹಾಲು ತರಲು ಮರೆತೆ ಎಂದರೆ ಸರಿಯಲ್ಲ' ಅನ್ನತೊಡಗಿದ್ದೆ.

ಈ ನಿಧಾನದಿಂದಲೇ ನನಗೆ ಬೇಕಾದ ದೃಶ್ಯ ಸಿಕ್ಕಿತು. ನರ್ಸಿನ ಅಮ್ಮ ಆರೋಪಿ ಪರ ಸಾಕ್ಷಿ. ಕಟಕಟೆಯಲ್ಲಿ ನಿಂತಿದ್ದಾಳೆ. ಸರ್ಕಾರಿ ವಕೀಲರು ಮೆತ್ತಗೆ ಕೇಳುತ್ತಾರೆ: 'ಅವತ್ತು ಮಗಳು ಹೊರಡೋ ಮುಂಚೆ ಊಟ ಮಾಡಿದ್ರಾ ಅಮ್ಮ?'

'ಮಾಡಿದ್ಲು ಸ್ವಾಮಿ. ಎರಡು ಸಲ ಬಡಿಸಿಕೊಂಡಳು.'

ಅಮ್ಮನಿಗೆ ಅದು ಮಗಳ ಪರವಾದ ಮಾತು. ಕೂತು ಹೊಟ್ಟೆ ತುಂಬ ಉಂಡವಳು ಕೆರಳಿ ಓಡಿದವಳಲ್ಲ ಅಂತ ಆಕೆಗೆ ಹೊಳೆಯೋದೇ ಇಲ್ಲ. ಕೀಬೋರ್ಡಿನ ಸದ್ದು. ವಕೀಲರು ಮುಂದೇನೂ ಕೇಳದೆ ಕೂರುತ್ತಾರೆ.

ನಿರ್ದೇಶಕರಿಗೆ ಇದು ತೀರಾ ಸಪ್ಪೆ ಅನ್ನಿಸಿತು. 'ಒಂದು ಸಲ ಮೇಜು ಗುದ್ದಲಿ ಸಾರ್' ಅಂತ ಹಠ ಹಿಡಿದರು. ಎರಡು ದಿನ ಜಗಳವಾಡಿ, ಪ್ರೋಮೋಗೆ ಮಾತ್ರ ಒಂದು ಗುದ್ದು ಬರೆದುಕೊಟ್ಟೆ. ಊಟದ ದೃಶ್ಯಕ್ಕೆ ಹಿನ್ನೆಲೆ ಸಂಗೀತ ಹಾಕಲೂ ಬಿಡಲಿಲ್ಲ.