66ಕ್ಕೇ ನಿಂತ ಲ್ಯಾಪ್‌ಟಾಪ್

ಅಕ್ಕನ ಮಗಳು ಬಿಸಿಎ ಸೇರುವವಳಿದ್ದಳು. ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಅಲೆದು 13 ಸಾವಿರಕ್ಕೆ ಒಂದು ಹಳೇ ಲ್ಯಾಪ್‌ಟಾಪ್ ತಂದೆ. ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಹಾಗಾಗಿ ವಿಂಡೋಸ್ 11 ಓಡುವಂಥ, ಎಂಟನೇ ಜನರೇಶನ್ ಐ5 ಪ್ರೊಸೆಸರ್ ಇರುವುದನ್ನೇ ಹುಡುಕಿದ್ದೆ.

ಹಿಂದಿನವರದ್ದು ಏನೂ ಉಳಿಯಬಾರದು ಅಂತ ರಾತ್ರಿ ರಿಸೆಟ್‌ಗೆ, ಅಂದರೆ ಎಲ್ಲ ಅಳಿಸಿ ವಿಂಡೋಸ್ ಹೊಸದಾಗಿ ಕೂರಿಸುವುದಕ್ಕೆ ಹಾಕಿದೆ, ಡ್ರೈವ್ ಕ್ಲೀನ್ ಮಾಡುವ ಆಯ್ಕೆಯನ್ನೂ ಕೊಟ್ಟು. 66 ಪರ್ಸೆಂಟಿಗೆ ಬಂದು ನಿಂತಿತು. ನನಗೇನೂ ಗಾಬರಿ ಆಗಲಿಲ್ಲ. ಆ ಆಯ್ಕೆ ಕೊಟ್ಟರೆ ಹಾರ್ಡ್‌ಡಿಸ್ಕ್‌ಗೆ ಗಂಟೆಗಟ್ಟಲೆ ಹಿಡಿಯುತ್ತದೆ. ಚಾರ್ಜರ್ ಹಾಕಿಟ್ಟು ಮಲಗಿದೆ.

ಬೆಳಿಗ್ಗೆ ಹುಡುಗಿಯೇ ಎಬ್ಬಿಸಿದಳು. ‘ಮಾಮಾ, ಇನ್ನಾ 66ಕ್ಕೇ ಅದ.’

ಮೊದಲು ಬಿಸಿಲನ್ನೇ ಬೈದೆ. ನಮ್ಮೂರಿನ ಮೇ ತಿಂಗಳು, ಮನುಷ್ಯರೇ ನಿಂತಲ್ಲಿ ನಿಲ್ಲುತ್ತೇವೆ. ಕೂಲರ್ ಮುಂದೆ ಇಟ್ಟೆ. ಏನೂ ಆಗಲಿಲ್ಲ. ಆಮೇಲೆ ಡಿಸ್ಕ್‌ನ ಪುಟ್ಟ ದೀಪ ನೋಡಿದೆ. ಕೆಲಸ ನಡೆದಿದ್ದರೆ ಅದು ಪಟಪಟ ಮಿನುಗಬೇಕು. ಇದು ಸುಮ್ನೆ ಒಂದೇ ಸಮ ಉರಿಯುತ್ತಿತ್ತು. ಕೂಲರ್ ಆರಿಸಿ ಕೀಬೋರ್ಡಿಗೆ ಕಿವಿ ಹಚ್ಚಿದೆ. ಟಿಕ್, ಟಿಕ್, ಸ್ವಲ್ಪ ಬಿಟ್ಟು ಮತ್ತೆ ಟಿಕ್. ಓದಲಾಗದ ಜಾಗಕ್ಕೆ ಡಿಸ್ಕ್ ಮತ್ತೆ ಮತ್ತೆ ಹೋಗಿ ಬರುವ ಸದ್ದು ಅದು.

ಪವರ್ ಬಟನ್ ಒತ್ತಿಹಿಡಿದು ಆಫ್ ಮಾಡಿ, ಎಫ್12 ಒತ್ತಿ ಡಯಾಗ್ನಾಸ್ಟಿಕ್ಸ್ ಓಡಿಸಿದೆ, ಲ್ಯಾಪ್‌ಟಾಪ್ ತನ್ನ ಭಾಗಗಳನ್ನು ತಾನೇ ಪರೀಕ್ಷಿಸಿಕೊಳ್ಳುವ ಟೆಸ್ಟ್ ಅದು. ಹಾರ್ಡ್‌ಡಿಸ್ಕ್ ಫೇಲ್. ಇಂಥದ್ದರ ಮೇಲೆ ಹತ್ತು ಸಲ ರಿಸೆಟ್ ಮಾಡಿದರೂ ಅಷ್ಟೇ. ಕೊಳ್ಳುವಾಗಲೇ ಈ ಟೆಸ್ಟ್ ಮಾಡಿಸಬೇಕಿತ್ತು, ಮೈಮೇಲಿನ ಗೀರು ನೋಡುತ್ತಾ ನಿಂತಿದ್ದೆ.

ಹಾರ್ಡ್‌ಡಿಸ್ಕ್ ಬದಲಿಗೆ ಹಾಕಲು 256 ಜಿಬಿಯ ಎಸ್‌ಎಸ್‌ಡಿ ತಂದೆ, ತಿರುಗುವ ಭಾಗಗಳೇ ಇಲ್ಲದ ಡ್ರೈವ್ ಅದು. ಹಿಂದಿನ ಮುಚ್ಚಳ ಬಿಚ್ಚುವಾಗ ಒಂದು ಸ್ಕ್ರೂ ರಬ್ಬರ್ ಕಾಲಿನ ಕೆಳಗೆ ಅಡಗಿತ್ತು. ನೋಡದೆ ಎಳೆದಿದ್ದರೆ ಪ್ಲಾಸ್ಟಿಕ್ ಮುರಿಯುತ್ತಿತ್ತು. ಗೆಳೆಯನ ಕಂಪ್ಯೂಟರ್‌ನಲ್ಲಿ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಶನ್ ಟೂಲ್‌ನಿಂದ ವಿಂಡೋಸ್ ಹಾಕುವ 8 ಜಿಬಿ ಪೆನ್‌ಡ್ರೈವ್ ತಯಾರು ಮಾಡಿಕೊಂಡು ಬಂದೆ. ಪ್ರಾಡಕ್ಟ್ ಕೀ, ಅಂದರೆ ವಿಂಡೋಸ್‌ನ ಲೈಸೆನ್ಸ್ ನಂಬರ್ ಕೇಳಿದಾಗ ‘ನನ್ನಲ್ಲಿ ಇಲ್ಲ’ ಅಂತ ಒತ್ತಿ ಮುಂದೆ ಹೋದೆ. ಕಂಪನಿಯಿಂದಲೇ ವಿಂಡೋಸ್ ಹಾಕಿ ಬಂದ ಲ್ಯಾಪ್‌ಟಾಪ್‌ನಲ್ಲಿ ಕೀ ಮದರ್‌ಬೋರ್ಡ್‌ನಲ್ಲೇ ಇರುತ್ತದೆ. ಮೊದಲು ವಿಂಡೋಸ್‌ನ ಹೋಮ್ ಆವೃತ್ತಿ ಇದ್ದದ್ದಕ್ಕೆ ಹೋಮ್‌ನ್ನೇ ಹಾಕಬೇಕು, ಅಷ್ಟೇ. ಸೆಟಪ್‌ನಲ್ಲಿ ವೈಫೈ ಕಾಣಲಿಲ್ಲ, ಅದನ್ನು ನಡೆಸುವ ಸಾಫ್ಟ್‌ವೇರ್ ಆದ ಡ್ರೈವರ್ ಇರಲಿಲ್ಲ. ಮೊಬೈಲ್‌ಗೆ ಕೇಬಲ್ ಹಾಕಿ, ಯುಎಸ್‌ಬಿ ಟೆದರಿಂಗ್‌ನಿಂದ ಅದರ ನೆಟ್ಟನ್ನೇ ಲ್ಯಾಪ್‌ಟಾಪ್‌ಗೆ ಕೊಟ್ಟೆ. ನೆಟ್ ಸಿಕ್ಕಿದ್ದೇ ತಡ, ವಿಂಡೋಸ್ ತಾನಾಗಿಯೇ ಆಕ್ಟಿವೇಟ್ ಆಯಿತು.

ಹಳೇ ಡಿಸ್ಕ್ ಗುಜರಿಗೆ ಹಾಕಲು ಮನಸ್ಸಾಗಲಿಲ್ಲ. ಅರ್ಧ ಅಳಿಸಿದ್ದು, ಒಳಗೆ ಯಾರ ಮನೆಯ ಫೋಟೋಗಳಿವೆಯೋ. ವೆಲ್ಡಿಂಗ್ ಅಂಗಡಿಗೆ ಒಯ್ದು ಡ್ರಿಲ್‌ನಿಂದ ನಾಲ್ಕು ತೂತು ಹಾಕಿಸಿದೆ.