ಸೊಂಟ, ಕಿಬ್ಬೊಟ್ಟೆಯ ನೋವು: ಮೂಲ ಗುರುತಿಸುವುದು ಹೇಗೆ?

‘ಸೊಂಟ ನೋವು’ ಎಂದಷ್ಟೇ ಹೇಳಿ, ಅಂಗೈಯನ್ನು ಬೆನ್ನಿನಿಂದ ತೊಡೆಯವರೆಗೆ ಸವರಿ ತೋರಿಸಿ, ಮಾತ್ರೆ ಬರೆಸಿಕೊಂಡು ಹಿಂದಿರುಗುವವರನ್ನು ಎಷ್ಟೋ ಬಾರಿ ಕಂಡಿದ್ದೇನೆ. ಸ್ನಾಯು, ಡಿಸ್ಕ್ (ಬೆನ್ನೆಲುಬಿನ ಮೂಳೆಗಳ ನಡುವಿನ ಮೆತ್ತೆ), ಕೀಲು, ಮೂತ್ರಪಿಂಡ, ಗರ್ಭಕೋಶ, ಗಂಡಸರಲ್ಲಿ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ, ಇವುಗಳಲ್ಲಿ ಯಾವುದರ ತೊಂದರೆಯಾದರೂ ಹೆಚ್ಚುಕಡಿಮೆ ಇದೇ ಭಾಗದಲ್ಲಿ ನೋವಾಗಿ ಕಾಣಿಸಿಕೊಳ್ಳುವುದರಿಂದ, ವೈದ್ಯರ ಬಳಿಗೆ ಹೋಗುವ ಮೊದಲು ಕೆಲವು ವಿಷಯಗಳನ್ನು ನಾವೇ ಗಮನಿಸಿಕೊಂಡಿರಬೇಕು.

ಹಂತ 1: ತುರ್ತು ಲಕ್ಷಣಗಳಿವೆಯೇ ನೋಡಿ

ಮೂತ್ರ ಕಟ್ಟಿಕೊಳ್ಳುವುದು, ಮಲಮೂತ್ರದ ಹಿಡಿತ ತಪ್ಪುವುದು, ಜನನಾಂಗದ ಸುತ್ತ ಮರಗಟ್ಟುವುದು, ಕಾಲಿನ ಬಲ ಕುಂದುವುದು, ನೋವಿನ ಜೊತೆಗೆ ಚಳಿಜ್ವರ ಬರುವುದು, ಮುಟ್ಟು ತಪ್ಪಿದ ಮಹಿಳೆಗೆ ಕಿಬ್ಬೊಟ್ಟೆಯ ಒಂದು ಬದಿಯಲ್ಲಿ ತೀವ್ರ ನೋವಾಗುವುದು: ಇವುಗಳಲ್ಲಿ ಒಂದಿದ್ದರೂ ಮುಂದಿನ ಹಂತಗಳನ್ನು ಓದುತ್ತ ಕೂರದೆ ಆಸ್ಪತ್ರೆಗೆ ಹೊರಡಿ.

ಹಂತ 2: ಒಂದೇ ಬೆರಳಿನಿಂದ ಜಾಗ ತೋರಿಸಿ

ಬಹಳ ಮಂದಿ ಎಡವುವುದು ಇಲ್ಲಿಯೇ. ನೇರವಾಗಿ ನಿಂತು, ನೋವು ಅತಿ ಹೆಚ್ಚಿರುವ ಬಿಂದುವಿನ ಮೇಲೆ ತೋರುಬೆರಳಿಡಿ. ಬೆರಳು ಒಂದು ಕಡೆ ನಿಲ್ಲದೆ, ಬೆನ್ನೆಲುಬಿನ ಎರಡೂ ಪಕ್ಕ ಅಗಲವಾಗಿ ಹಿಡಿದುಕೊಂಡಂತಿದ್ದು, ಭಾರ ಎತ್ತಿದ ಬಳಿಕ ಶುರುವಾಗಿದ್ದರೆ ಅದು ಹೆಚ್ಚಾಗಿ ಸ್ನಾಯುವಿನ ಉಳುಕು. ನೋವು ಪೃಷ್ಠದಿಂದ ಇಳಿದು ಮಂಡಿಯನ್ನೂ ದಾಟಿ ಪಾದದವರೆಗೆ ಸೆಳೆಯುತ್ತಿದ್ದರೆ, ಕೆಮ್ಮಿದಾಗ, ಸೀನಿದಾಗ ಮಿಂಚು ಹೊಡೆದಂತಾದರೆ, ಡಿಸ್ಕ್ ಉಬ್ಬಿ ನರದ ಬೇರನ್ನು ಒತ್ತುತ್ತಿರುವ ಸಾಧ್ಯತೆಯಿದೆ.

ಸೊಂಟದ ಹಿಂಭಾಗದಲ್ಲಿ ಚರ್ಮ ಸಣ್ಣ ಗುಳಿಯಂತೆ ಕಾಣುವ ಜಾಗವಿದೆಯಲ್ಲ, ಬೆರಳು ಅಲ್ಲಿಯೇ ಅಥವಾ ತುಸು ಕೆಳಗೆ ನಿಂತರೆ, ಹಾಸಿಗೆಯಲ್ಲಿ ಮಗ್ಗುಲು ಬದಲಿಸುವಾಗ ಚುಚ್ಚಿದರೆ, ಬೆನ್ನೆಲುಬು ಸೊಂಟದ ಮೂಳೆಯನ್ನು ಸೇರುವ ಕೀಲನ್ನು ಶಂಕಿಸಬೇಕು. ಗರ್ಭಿಣಿಯರಲ್ಲಿ ಇದು ಸಾಮಾನ್ಯ. ಕಾಲುಚೀಲ ಹಾಕಿಕೊಳ್ಳಲು ಕಾಲೆತ್ತಿದಾಗ ತೊಡೆಸಂದಿನಲ್ಲಿ ಹಿಡಿದರೆ, ತೊಂದರೆ ಬೆನ್ನಿನದ್ದಲ್ಲ, ತೊಡೆಯ ಕೀಲಿನದ್ದಿರಬಹುದು. ಪಕ್ಕೆಯಿಂದ ತೊಡೆಸಂದಿನತ್ತ ಅಲೆಯಲೆಯಾಗಿ ಇಳಿಯುತ್ತ, ಯಾವ ಭಂಗಿಯಲ್ಲೂ ಕೂರಲು ಬಿಡದ ನೋವು ಮೂತ್ರಕೋಶದ ಕಡೆಗೆ ಜಾರುತ್ತಿರುವ ಕಲ್ಲಿನದ್ದಾಗಿರಬಹುದು.

ಜಾಗ ಗೊತ್ತಾಗುವ ಮುನ್ನವೇ ಸೊಂಟದ ಬೆಲ್ಟ್ ಕೊಳ್ಳಬೇಡಿ. ನೋವುನಿವಾರಕ ಮಾತ್ರೆಗಳನ್ನು ವಾರಗಟ್ಟಲೆ ತಾವಾಗಿಯೇ ನುಂಗುವುದು ಜಠರಕ್ಕೂ ಮೂತ್ರಪಿಂಡಕ್ಕೂ ಹಾನಿಕರ.

ಹಂತ 3: ಹೊತ್ತನ್ನು ಗಮನಿಸಿ

ಬೆಳಿಗ್ಗೆ ಎದ್ದಾಗ ಅರ್ಧ ಗಂಟೆಗೂ ಮೀರಿ ಬೆನ್ನು ಬಿಗಿದುಕೊಂಡಿದ್ದು, ಓಡಾಡಿದಂತೆ ಸಡಿಲವಾಗುವುದಾದರೆ, ಅದರಲ್ಲೂ 45 ವರ್ಷದೊಳಗೆ ಶುರುವಾಗಿ ಮೂರು ತಿಂಗಳು ಕಳೆದಿದ್ದರೆ, ಉರಿಯೂತದ ಸಂಧಿವಾತವನ್ನು ಪರೀಕ್ಷಿಸಿಕೊಳ್ಳಬೇಕು. ಕಿಬ್ಬೊಟ್ಟೆಯ ನೋವು ಮುಟ್ಟಿನ ಜೊತೆಯಲ್ಲೇ ಏರಿಳಿಯುತ್ತಿದ್ದರೆ ದಿನಾಂಕಗಳನ್ನು ಬರೆದಿಡಿ. ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್ ಎಷ್ಟೋ ಹೆಣ್ಣುಮಕ್ಕಳಲ್ಲಿ ವರ್ಷಾನುಗಟ್ಟಲೆ ಪತ್ತೆಯಾಗದೆ ಉಳಿಯುವುದಕ್ಕೆ, ‘ಮುಟ್ಟಿನ ನೋವು ಎಲ್ಲರಿಗೂ ಇದ್ದದ್ದೇ’ ಎಂಬ ಮನೆಯವರ ಮಾತೂ ಒಂದು ಕಾರಣ. ಶಾಲೆ, ಕೆಲಸ ತಪ್ಪಿಸುವಷ್ಟು ನೋವನ್ನು ಸಹಜವೆಂದು ಸುಮ್ಮನಾಗಬಾರದು. ಗಂಡಸರು ಮೂತ್ರದ ಉರಿಯನ್ನೂ ವೃಷಣ ಮತ್ತು ಗುದದ್ವಾರದ ನಡುವಿನ ನೋವನ್ನೂ ಸಂಕೋಚದಿಂದ ಮುಚ್ಚಿಡುತ್ತಾರೆ. ಪ್ರಾಸ್ಟೇಟ್ ಉರಿಯೂತದ ಸುಳಿವು ಸಿಗುವುದು ಅದರಿಂದಲೇ.

ಹಂತ 4: ಒಂದು ಹಾಳೆಯಲ್ಲಿ ಬರೆದುಕೊಳ್ಳಿ

ಜಾಗ, ಹೊತ್ತು, ಹೆಚ್ಚಿಸುವ ಮತ್ತು ತಗ್ಗಿಸುವ ಸಂಗತಿಗಳು, ಈಗಾಗಲೇ ತೆಗೆದುಕೊಂಡ ಮಾತ್ರೆಗಳು, ಇಷ್ಟು ಸಾಕು.

ಹಂತ 5: ಸ್ಕ್ಯಾನಿಂಗ್‌ಗೆ ಆತುರಪಡಬೇಡಿ

ನೋವೇ ಇಲ್ಲದ ಅನೇಕರ ಎಂಆರ್‌ಐ ಚಿತ್ರದಲ್ಲೂ ಡಿಸ್ಕ್ ಉಬ್ಬಿರುವುದು ಕಾಣುತ್ತದೆ, ಆದ್ದರಿಂದ ವೈದ್ಯರು ಮುಟ್ಟಿ ಪರೀಕ್ಷಿಸುವ ಮುನ್ನವೇ ತೆಗೆಸಿದ ಚಿತ್ರ ದಾರಿ ತಪ್ಪಿಸಬಹುದು. ಉಳುಕಿನ ನೋವು ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ಇಳಿಯುತ್ತದೆ. ಅಷ್ಟು ದಿನ ಮಲಗಿಯೇ ಇರದೆ ಮೆಲ್ಲಗೆ ನಡೆದಾಡುತ್ತಿರಿ. ಆರು ವಾರ ಕಳೆದರೂ ಇಳಿಯದಿದ್ದರೆ ಅದೇ ಹಾಳೆಯನ್ನು ಹಿಡಿದು ಮತ್ತೊಮ್ಮೆ ವೈದ್ಯರನ್ನು ಕಾಣಿರಿ.